ತೋನ್ಸೆಪಾರಿನ ಕಲ್ಲುಕಂಬಗಳು: ಒಂದು ದ್ವೀಪ, ಎರಡು ಹೆಸರು

ಕರಾವಳಿಯ ಚರಿತ್ರೆಯನ್ನು ಬರೆಯುವವರಿಗೆ ಶಾಸನ, ಕಡತ, ನಾಣ್ಯ ಮತ್ತು ವಿದೇಶೀ ಪ್ರವಾಸಿಗರ ಬರಹಗಳು ಪರಿಚಿತ ಆಕರಗಳು. ಈ ಸಾಲಿಗೆ ನೆಲವನ್ನೂ ಸೇರಿಸಿಕೊಳ್ಳಬೇಕಾದ ಒಂದು ಜಾಗ ನಮ್ಮಲ್ಲಿದೆ. ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಸಾಲುಗಟ್ಟಿರುವ ಸಣ್ಣ ದ್ವೀಪಗಳೇ ಆ ಜಾಗ. ನಕ್ಷೆಗಳಲ್ಲಿ ಇವು ಸೇಂಟ್ ಮೇರಿಸ್ ದ್ವೀಪಗಳು. ಊರಿನವರ ಬಾಯಲ್ಲಿ ತೋನ್ಸೆಪಾರ್. ಒಂದು ಹೆಸರನ್ನು ಪೋರ್ಚುಗೀಸ್ ನಾವಿಕರು 1498ರಲ್ಲಿ ಇಟ್ಟರು. ಇನ್ನೊಂದನ್ನು ಯಾರು, ಯಾವಾಗ ಇಟ್ಟರೆಂದು ಯಾವ ಬರಹವೂ ದಾಖಲಿಸಿಲ್ಲ. ಈ ಎರಡು ಹೆಸರುಗಳ ನಡುವಿನ ಅಂತರವೇ ಪ್ರಸ್ತುತ ಲೇಖನದ ವಸ್ತು.

ಈ ದ್ವೀಪಗಳ ಕುರಿತು ಮೂರು ಹೇಳಿಕೆಗಳು ಪ್ರವಾಸಿ ಕೈಪಿಡಿಗಳಲ್ಲಿಯೂ ಪತ್ರಿಕಾ ಬರಹಗಳಲ್ಲಿಯೂ ಮತ್ತೆ ಮತ್ತೆ ಕಾಣಸಿಗುತ್ತವೆ. ಇಲ್ಲಿಯ ಕಲ್ಲು ಬಸಾಲ್ಟ್ ಎಂಬುದು ಮೊದಲನೆಯದು. ಮಹಾರಾಷ್ಟ್ರವನ್ನು ಹೊದೆದಿರುವ ದಖ್ಖನ್ ಲಾವಾ ಪ್ರವಾಹದ ತುಣುಕೇ ಇದು ಎಂಬುದು ಎರಡನೆಯದು. ವಾಸ್ಕೋ ಡ ಗಾಮ ಭಾರತಕ್ಕೆ ಬರುವಾಗ ಮೊದಲು ಇಲ್ಲಿ ಇಳಿದು ಶಿಲುಬೆಯನ್ನು ನೆಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದನೆಂಬುದು ಮೂರನೆಯದು. ಮೂರೂ ಪರಿಶೀಲನೆಗೆ ನಿಲ್ಲುವುದಿಲ್ಲ. ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳು ಇವನ್ನು ಒಂದೊಂದಾಗಿ ಬಿಡಿಸಿ ನೋಡುವುದು ಉಪಯುಕ್ತ. ಆಕರವನ್ನು ಓದದೆ ಹೇಳಿಕೆಯನ್ನು ನಕಲು ಮಾಡುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಸುಲಭದಲ್ಲಿ ಸಿಗುವುದಿಲ್ಲ.

ದ್ವೀಪದ ನೋಟ

ಸಾಲಿನಲ್ಲಿ ಮುಖ್ಯವಾದವು ನಾಲ್ಕು ದ್ವೀಪಗಳು. ತೆಂಗಿನ ಮರಗಳಿಂದಾಗಿ ಕೋಕೋನಟ್ ಐಲ್ಯಾಂಡ್ ಎಂದೇ ಕರೆಯಲಾಗುವ ದ್ವೀಪ ಎಲ್ಲಕ್ಕಿಂತ ಪ್ರಸಿದ್ಧ. ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ದರಿಯಾಬಹಾದ್ದೂರ್‌ಗಡ ಉಳಿದ ಮೂರು. ದರಿಯಾಬಹಾದ್ದೂರ್‌ಗಡದಲ್ಲಿ ಬಿದನೂರಿನ ಬಸಪ್ಪನಾಯಕ ಕಟ್ಟಿಸಿದನೆಂದು ಹೇಳಲಾಗುವ ಕೋಟೆಯ ಅವಶೇಷಗಳಿವೆ. ಪ್ರವಾಸಿಗರು ದೋಣಿಯಲ್ಲಿ ಹೋಗುವುದು ಸಾಮಾನ್ಯವಾಗಿ ಕೋಕೋನಟ್ ಐಲ್ಯಾಂಡಿಗೆ. ಅದರ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ಸುಮಾರು 100 ಮೀಟರ್. ಜನವಸತಿ ಇಲ್ಲ. ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದ ದೋಣಿಗಳ ಸಂಚಾರವೂ ಇಲ್ಲ.

ಬಾರಕೂರು ಮತ್ತು ಉದ್ಯಾವರದ ಶಾಸನಗಳನ್ನು ನೋಡಲೆಂದು ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ಕ್ಷೇತ್ರಾಧ್ಯಯನಕ್ಕೆ ಹೋದಾಗಲೆಲ್ಲ ಒಂದು ಅಪರಾಹ್ಣವನ್ನು ಈ ದ್ವೀಪಕ್ಕಾಗಿ ಮೀಸಲಿಡುವುದು ನನ್ನ ರೂಢಿ. ದೋಣಿ ದಡವನ್ನು ಬಿಟ್ಟ ಬಳಿಕ ಮಲ್ಪೆಯ ಮೀನುಗಾರಿಕಾ ಬೋಟುಗಳ ಸಾಲು ಹಿಂದೆ ಸರಿಯುತ್ತದೆ. ತೆಂಗಿನ ತಲೆಗಳು ಮೊದಲು ಕಾಣುತ್ತವೆ, ಆಮೇಲೆ ಕಪ್ಪು ಅಂಚಿನಂತೆ ಬಂಡೆಗಳು. ಹತ್ತಿರ ಹೋದಂತೆ ಆ ಅಂಚು ಒಡೆದು ನೂರಾರು ಕಂಬಗಳಾಗುತ್ತದೆ. ಕೆಲವು ಆಳೆತ್ತರ, ಕೆಲವು ಮೂರು ನಾಲ್ಕು ಆಳು ನಿಲ್ಲುವಷ್ಟು ಎತ್ತರ. ಕೆಲವೆಡೆ ಒಂದಕ್ಕೊಂದು ಒತ್ತಿಕೊಂಡು ಒಂದೇ ದಿಕ್ಕಿಗೆ ವಾಲಿವೆ. ಅಲೆಗಳು ತುದಿಗಳನ್ನು ಸವೆಸಿದ ಕಡೆ ನೋಡಿದರೆ ಐದು, ಆರು ಮೂಲೆಗಳ ಹಾಸುಗಲ್ಲುಗಳನ್ನು ಜೋಡಿಸಿ ಅಂಗಳ ಮಾಡಿದಂತಿದೆ. ಮರಳಿರಬೇಕಾದ ಒಂದು ಕಡೆ ಕಪ್ಪೆಚಿಪ್ಪುಗಳ ರಾಶಿಯೇ ದಡವಾಗಿದೆ.

ಮೊದಲ ಬಾರಿಗೆ ನೋಡಿದ ವಿದ್ಯಾರ್ಥಿಗಳು ಪ್ರತಿ ವರ್ಷವೂ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಇದನ್ನು ಯಾರು ಕೆತ್ತಿದರು? ಕಾರ್ಕಳದ ಗೊಮ್ಮಟನನ್ನೂ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಹಿಂದಿನ ದಿನವಷ್ಟೇ ನೋಡಿ ಬಂದವರಿಗೆ ಈ ಪ್ರಶ್ನೆ ಸಹಜ. ಅಲ್ಲಿ ಕಲ್ಲಿನ ರೂಪಕ್ಕೆ ಶಿಲ್ಪಿ ಕಾರಣ, ಶಿಲ್ಪಿಯ ಕೆಲಸಕ್ಕೆ ಅರಸನ ಆಶ್ರಯ ಕಾರಣ. ಕಾರ್ಕಳದ ಮೂರ್ತಿಯ ಪಕ್ಕದಲ್ಲಿರುವ ಶಾಸನ 1432ರ ಪ್ರತಿಷ್ಠೆಯನ್ನು ಹೇಳುತ್ತದೆ. ಇಲ್ಲಿ ಶಾಸನವಿಲ್ಲ. ಆದರೆ ಕಲ್ಲಿಗೆ ತನ್ನದೇ ಕಾಲಮಾನವಿದೆ, ಅದನ್ನು ಓದುವ ವಿಧಾನವೂ ಇದೆ.

ಕಲ್ಲು ಕಂಬವಾದ ಬಗೆ

ಬೇಸಗೆಯಲ್ಲಿ ಕೆರೆಯ ತಳ ಒಣಗಿದಾಗ ಕೆಸರು ಬಿರಿಯುವುದನ್ನು ನಾವೆಲ್ಲ ನೋಡಿದ್ದೇವೆ. ನೀರು ಆರಿದಂತೆ ಕೆಸರು ಕುಗ್ಗುತ್ತದೆ; ಕುಗ್ಗಲು ಜಾಗವಿಲ್ಲದಾಗ ಸೀಳುತ್ತದೆ; ಸೀಳುಗಳು ಒಂದನ್ನೊಂದು ಕೂಡಿ ಬಹುಭುಜಗಳಾಗುತ್ತವೆ. ಭೂಮಿಯ ಒಳಗಿನಿಂದ ಹೊರಬಂದ ಲಾವಾ ತಣಿಯುವಾಗಲೂ ಸುಮಾರಾಗಿ ಇದೇ ನಡೆಯುತ್ತದೆ. ತಣಿಯುವ ಮೇಲ್ಮೈಯಲ್ಲಿ ಮೊದಲು ಬಿರುಕು ಹುಟ್ಟುತ್ತದೆ. ಕುಗ್ಗುವ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿದ್ದರೆ, ಅದನ್ನು ಕಡಿಮೆ ಬಿರುಕುಗಳಿಂದ ತೀರಿಸಿಕೊಳ್ಳುವ ದಾರಿಯೆಂದರೆ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿಗಳ ಅಂತರದಲ್ಲಿ ಸೇರುವುದು. ಹಾಗೆ ಸೇರಿದ ಬಿರುಕುಗಳ ಜಾಲ ಷಟ್ಕೋನಗಳ ಕಡೆಗೆ ವಾಲುತ್ತದೆ. ಪ್ರಕೃತಿಯಲ್ಲಿ ಎಲ್ಲವೂ ಸಮನಾಗಿರುವುದಿಲ್ಲವಾದ್ದರಿಂದ ನಾಲ್ಕು, ಐದು, ಏಳು ಮೂಲೆಗಳ ಕಂಬಗಳೂ ಕಾಣಿಸುತ್ತವೆ.

ಕೆರೆಯ ಕೆಸರಿನಲ್ಲಿ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ. ಲಾವಾದಲ್ಲಿ ಹಾಗಲ್ಲ. ತಂಪು ಒಳಕ್ಕೆ ಇಳಿದಂತೆ ಬಿರುಕೂ ಅದರ ಹಿಂದೆ ಹಂತಹಂತವಾಗಿ ಇಳಿಯುತ್ತದೆ. ಆದ್ದರಿಂದಲೇ ಬಹುಭುಜಗಳು ಉದ್ದವಾಗಿ ಕಂಬಗಳಾಗುತ್ತವೆ. ಕಂಬದ ಉದ್ದ ಯಾವಾಗಲೂ ತಣಿದ ಮೇಲ್ಮೈಗೆ ಲಂಬವಾಗಿರುತ್ತದೆ. ಇಂದು ಕಂಬಗಳು ವಾಲಿರುವ ದಿಕ್ಕನ್ನು ನೋಡಿ ಅಂದು ಲಾವಾ ಯಾವ ಮೇಲ್ಮೈಯ ಕಡೆಯಿಂದ ತಣಿಯಿತೆಂದು ಊಹಿಸಬಹುದು. ನಿಧಾನವಾಗಿ ತಣಿದರೆ ಕಂಬ ದಪ್ಪ, ಬೇಗ ತಣಿದರೆ ತೆಳು. ಐರ್ಲೆಂಡಿನ ಉತ್ತರ ತೀರದ ಜೈಂಟ್ಸ್ ಕಾಸ್‌ವೇ ಹೀಗೆ ರೂಪುಗೊಂಡ ಕಂಬಗಳಿಗೆ ಜಗತ್ಪ್ರಸಿದ್ಧ. ಅಲ್ಲಿಯ ಜನ ಅದನ್ನು ದೈತ್ಯನೊಬ್ಬ ಕಟ್ಟಿದ ಕಡಲ ದಾರಿಯೆಂದು ನಂಬಿದರು. ‘ಯಾರು ಕೆತ್ತಿದರು’ ಎಂಬ ಪ್ರಶ್ನೆ ಹಾಗಾಗಿ ನಮ್ಮ ವಿದ್ಯಾರ್ಥಿಗಳದಷ್ಟೇ ಅಲ್ಲ.

ಐರ್ಲೆಂಡಿನ ಕಂಬಗಳು ಬಸಾಲ್ಟ್. ತೋನ್ಸೆಪಾರಿನ ಕಂಬಗಳನ್ನೂ ಬಸಾಲ್ಟ್ ಎಂದು ಕರೆಯುವ ವಾಡಿಕೆ ಈ ಹೋಲಿಕೆಯಿಂದಲೇ ಬಂದಿರಬಹುದು. ಶಿಲಾಶಾಸ್ತ್ರದ ವಿಶ್ಲೇಷಣೆಗಳು ಬೇರೆಯೇ ಮಾತನ್ನು ಹೇಳುತ್ತವೆ. ಇಲ್ಲಿಯ ಶಿಲೆ ರಯೊಲೈಟ್ ಮತ್ತು ರಯೊಡೇಸೈಟ್ ವರ್ಗದ್ದು, ಅಂದರೆ ಸಿಲಿಕಾಂಶ ಬಸಾಲ್ಟಿಗಿಂತ ಬಹಳ ಹೆಚ್ಚಾಗಿರುವ ಜ್ವಾಲಾಮುಖಿ ಶಿಲೆ. ಸಿಲಿಕಾ ಹೆಚ್ಚಿದಷ್ಟೂ ಲಾವಾ ಗಟ್ಟಿಯಾಗಿ, ಅಂಟಂಟಾಗಿ ಹರಿಯುತ್ತದೆ. ಅಂಥ ಲಾವಾ ಇಷ್ಟು ಕ್ರಮಬದ್ಧವಾದ ಕಂಬಗಳಾಗಿ ತಣಿದಿರುವುದು ಈ ದ್ವೀಪಗಳ ವೈಶಿಷ್ಟ್ಯ. ಬಸಾಲ್ಟ್ ಎಂದು ಕರೆದು ನಾವು ಇದರ ವಿಶೇಷವನ್ನೇ ಮರೆಸುತ್ತೇವೆ.

ಕಡಲು ಹುಟ್ಟಿದ ಕಾಲ

ಎರಡನೆಯ ಹೇಳಿಕೆ ಕಾಲಕ್ಕೆ ಸಂಬಂಧಿಸಿದ್ದು. ದಖ್ಖನ್ ಲಾವಾ ಪ್ರವಾಹಗಳು ಸುಮಾರು 6.6 ಕೋಟಿ ವರ್ಷಗಳ ಹಿಂದಿನವು. ತೋನ್ಸೆಪಾರಿನ ಶಿಲೆಗಳ ವಯಸ್ಸನ್ನು ಬೇರೆ ಬೇರೆ ವಿಧಾನಗಳಿಂದ ಅಳೆದ ಸಂಶೋಧಕರು 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವಿನ ಅಂಕಿಗಳನ್ನು ಕೊಟ್ಟಿದ್ದಾರೆ. ಅಂಕಿಗಳ ನಡುವೆ ಭಿನ್ನಾಭಿಪ್ರಾಯವಿದ್ದರೂ ಒಂದು ವಿಷಯ ಖಚಿತ: ಇವು ದಖ್ಖನ್ ಪ್ರವಾಹಗಳಿಗಿಂತ ಸುಮಾರು ಎರಡು ಕೋಟಿ ವರ್ಷಗಳಷ್ಟು ಹಳೆಯವು. ಹಾಗಾದರೆ ಇವುಗಳ ಬಂಧುಗಳು ಎಲ್ಲಿ?

ಉತ್ತರ ಸಿಗುವುದು ಕಡಲಾಚೆ, ಮಡಗಾಸ್ಕರ್ ದ್ವೀಪದಲ್ಲಿ. ಅಲ್ಲಿಯೂ ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ವ್ಯಾಪಕವಾಗಿವೆ. ಭಾರತ ಮತ್ತು ಮಡಗಾಸ್ಕರ್ ಆಗ ಒಂದೇ ಭೂಖಂಡದ ಭಾಗಗಳಾಗಿ, ದಕ್ಷಿಣ ಗೋಳಾರ್ಧದಲ್ಲಿ ಅಂಟಿಕೊಂಡಿದ್ದವು. ಭೂಮಿಯ ಆಳದಿಂದ ಮೇಲೇಳುವ ಬಿಸಿಯ ನೆಲೆಯೊಂದು ಇವುಗಳ ಕೆಳಗಿತ್ತೆಂದು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಖಂಡ ಸೀಳಿ ಎರಡೂ ಬೇರ್ಪಟ್ಟವೆಂದು ಭೂವಿಜ್ಞಾನಿಗಳು ನಿರೂಪಿಸುತ್ತಾರೆ. ಆ ನೆಲೆಗೆ ಮೇರಿಯನ್ ಹಾಟ್‌ಸ್ಪಾಟ್ ಎಂದು ಹೆಸರು. ಈ ನಿರೂಪಣೆಗೆ ಆಧಾರವಾದ ಸಾಕ್ಷ್ಯಗಳಲ್ಲಿ ತೋನ್ಸೆಪಾರಿನ ಕಲ್ಲೂ ಒಂದು. ಲಾವಾ ತಣಿಯುವಾಗ ಅದರಲ್ಲಿರುವ ಕಬ್ಬಿಣದ ಖನಿಜಗಳು ಆ ಕ್ಷಣದ ಭೂಕಾಂತ ಕ್ಷೇತ್ರದ ದಿಕ್ಕಿಗೆ ಹೊಂದಿಕೊಂಡು ಹಾಗೆಯೇ ಸೆಟೆದು ನಿಲ್ಲುತ್ತವೆ. ಆ ದಿಕ್ಕನ್ನೂ ಬಾಗನ್ನೂ ಇಂದು ಅಳೆದು, ಆ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತೆಂದು ಲೆಕ್ಕ ಹಾಕಬಹುದು. ಭಾರತ ಮತ್ತು ಮಡಗಾಸ್ಕರನ್ನು ಮತ್ತೆ ಜೋಡಿಸಿ ನೋಡುವ ಪ್ರಯತ್ನಗಳಲ್ಲಿ ಈ ಪುಟ್ಟ ದ್ವೀಪಗಳ ಶಿಲೆಗಳನ್ನು ಹೀಗೆ ಬಳಸಿಕೊಳ್ಳಲಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಆ ಸೀಳಿನಿಂದಲೇ ನಮ್ಮ ಪಡುಗಡಲ ತೀರ ಹುಟ್ಟಿತು. ಆಳುಪರ ಬಂದರುಗಳು, ಬಾರಕೂರಿನ ಹತ್ತು ಕೇರಿಗಳು, ಬಸರೂರಿನ ಅಕ್ಕಿಯ ವ್ಯಾಪಾರ, ಗೇರುಸೊಪ್ಪೆಯ ಮೆಣಸು, ಉಳ್ಳಾಲದ ಚೌಟರ ಪ್ರತಿರೋಧ ಇವೆಲ್ಲ ನಡೆಯಲು ಮೊದಲು ಇಲ್ಲೊಂದು ಕಡಲು ಬೇಕಿತ್ತು. ಆ ಕಡಲು ತೆರೆದ ಕಾಲದ ಗುರುತು ಕರ್ನಾಟಕದ ನೆಲದಲ್ಲಿ ಬರಿಗಣ್ಣಿಗೆ ಕಾಣುವಂತೆ ಉಳಿದಿರುವುದು ಇಲ್ಲಿ. ರಾಜ್ಯದ ಇತರ ಭೂವೈಜ್ಞಾನಿಕ ಸ್ಮಾರಕಗಳೊಡನೆ ಹೋಲಿಸಿದರೆ ಇದರ ಸ್ಥಾನ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬುಲಾವಾ ಮತ್ತು ಕೋಲಾರದ ಗಣಿಪ್ರದೇಶದ ಜ್ವಾಲಾಮುಖಿ ಶಿಲೆಗಳೂ ಅತಿ ಪ್ರಾಚೀನ. ಅವುಗಳ ಮುಂದೆ ತೋನ್ಸೆಪಾರ್ ಎಳೆಯ ಕೂಸು. ಆದರೆ ಕರಾವಳಿಯ ಜಾತಕ ಬರೆಯಬೇಕಾದರೆ ಈ ಕೂಸನ್ನೇ ಕೇಳಬೇಕು.

1498ರ ಸೆಪ್ಟೆಂಬರ್

ಮೂರನೆಯ ಹೇಳಿಕೆ ವಾಸ್ಕೋ ಡ ಗಾಮನದು. ಅವನ ಮೊದಲ ಭಾರತಯಾನಕ್ಕೆ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯೇ ಪ್ರಮುಖ ಆಕರ. ಬರೆದವನ ಹೆಸರು ಹಸ್ತಪ್ರತಿಯಲ್ಲಿಲ್ಲ. ಆಲ್ವಾರೊ ವೆಲ್ಯೊ ಎಂಬವನಿರಬೇಕೆಂದು ಹಲವರ ಅಭಿಪ್ರಾಯ. ಇದು ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ 1838ರಲ್ಲಿ ಮೊದಲು ಮುದ್ರಣವಾಯಿತು. ಇ. ಜಿ. ರಾವೆನ್‌ಸ್ಟೈನ್ ಮಾಡಿದ ಇಂಗ್ಲಿಷ್ ಅನುವಾದ 1898ರಲ್ಲಿ ಹಾಕ್ಲೂಟ್ ಸೊಸೈಟಿಯ ಮೂಲಕ ಪ್ರಕಟವಾಯಿತು.

ದಿನಚರಿಯ ಪ್ರಕಾರ ಹಡಗುಗಳು ಆಫ್ರಿಕದ ಪೂರ್ವತೀರದ ಮಲಿಂದಿಯನ್ನು 1498ರ ಏಪ್ರಿಲ್ 24ರಂದು ಬಿಟ್ಟವು. ಕಡಲನ್ನು ನೇರವಾಗಿ ಅಡ್ಡಹಾಯ್ದು ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಈ ದಾರಿಯಲ್ಲಿ ಮಲ್ಪೆಗೆ ಎಡೆಯೇ ಇಲ್ಲ. ಕಲ್ಲಿಕೋಟೆಯಲ್ಲಿ ಸಾಮೂದಿರಿಯೊಡನೆ ವ್ಯವಹಾರ ಕೆಟ್ಟು, ಆಗಸ್ಟ್ 29ರಂದು ಅಲ್ಲಿಂದ ಹೊರಟು, ತೀರದ ಉದ್ದಕ್ಕೂ ಉತ್ತರಕ್ಕೆ ಸಾಗುವಾಗ ಸೆಪ್ಟೆಂಬರ್ 15ರಂದು ಅವರು ನೆಲದಿಂದ ಎರಡು ಹರಿದಾರಿಯಷ್ಟು ದೂರದ ಕಿರುದ್ವೀಪಗಳ ಬಳಿಗೆ ಬಂದರು. ಅವುಗಳಲ್ಲೊಂದರ ಮೇಲೆ ಕಲ್ಲಿನ ಕಂಬವೊಂದನ್ನು ನೆಟ್ಟು ದ್ವೀಪಕ್ಕೆ ಸಾಂತಾ ಮರಿಯ ಎಂದು ಹೆಸರಿಟ್ಟರು. ವಿದ್ವಾಂಸರು ಈ ದ್ವೀಪಗಳನ್ನು ಮಲ್ಪೆಯ ಮುಂದಿನ ದ್ವೀಪಗಳೆಂದೇ ಗುರುತಿಸಿದ್ದಾರೆ. ಕೆಲವೇ ದಿನಗಳ ಬಳಿಕ ಹಡಗುಗಳು ಕಾರವಾರದ ಸಮೀಪದ ಅಂಜದೀವ್ ದ್ವೀಪವನ್ನು ಸೇರಿ, ಅಲ್ಲಿ ದುರಸ್ತಿ ಮಾಡಿಕೊಂಡು ಅಕ್ಟೋಬರಿನಲ್ಲಿ ಆಫ್ರಿಕದ ಕಡೆ ಹೊರಟವು. ಗಾಮ ಇಲ್ಲಿ ಕಾಲಿಟ್ಟದ್ದು ಬರುವಾಗಲ್ಲ, ಮರಳುವಾಗ. ಅದೂ ವಿಜಯಿಯಾಗಿ ಅಲ್ಲ. ಕಲ್ಲಿಕೋಟೆಯ ಅರಸನೊಡನೆ ಒಪ್ಪಂದ ಸಾಧಿಸಲಾಗದೆ.

ನೆಟ್ಟ ವಸ್ತುವಿನ ಸ್ವರೂಪವನ್ನೂ ಗಮನಿಸಬೇಕು. ಅದು ‘ಪದ್ರಾವ್’ ಎಂಬ ಕಂಬ. ನೆಲೆಯೊಂದನ್ನು ತಾವು ಕಂಡುದಕ್ಕೆ ಗುರುತಾಗಿ ರಾಜಲಾಂಛನವನ್ನೂ ಶಿಲುಬೆಯನ್ನೂ ಹೊತ್ತ ಕಲ್ಲುಕಂಬಗಳನ್ನು ನೆಡುವ ಪದ್ಧತಿಯನ್ನು ಪೋರ್ಚುಗೀಸರು ಆಫ್ರಿಕದ ಪಶ್ಚಿಮ ತೀರದಲ್ಲಿ 1480ರ ದಶಕದಲ್ಲಿಯೇ ಆರಂಭಿಸಿದ್ದರು. ಗಾಮನ ಯಾನಕ್ಕೆ ದೊರೆ ಮೂರು ಕಂಬಗಳನ್ನು ಗೊತ್ತುಮಾಡಿದ್ದನು. ಅವುಗಳ ಹೆಸರೂ ಮೊದಲೇ ನಿಶ್ಚಿತವಾಗಿತ್ತು. ಸಾವ್ ರಫಾಯೆಲ್ ಎಂಬುದನ್ನು ಇಂದಿನ ಮೊಜಾಂಬಿಕ್ ತೀರದ ನದೀಮುಖವೊಂದರಲ್ಲಿ, ಸಾವ್ ಗಾಬ್ರಿಯೆಲ್ ಎಂಬುದನ್ನು ಕಲ್ಲಿಕೋಟೆಯಲ್ಲಿ, ಉಳಿದ ಸಾಂತಾ ಮರಿಯವನ್ನು ಇಲ್ಲಿ ನೆಟ್ಟುದಾಗಿ ದಿನಚರಿ ಲೆಕ್ಕ ಒಪ್ಪಿಸುತ್ತದೆ. ಹಾಗಾಗಿ ಈ ಹೆಸರು ದ್ವೀಪವನ್ನು ನೋಡಿ ಹುಟ್ಟಿದ್ದಲ್ಲ. ಲಿಸ್ಬನ್ನಿನಲ್ಲಿ ಹುಟ್ಟಿ, ಹಡಗಿನಲ್ಲಿ ಬಂದು, ಕೊನೆಗೆ ಉಳಿದಿದ್ದ ಜಾಗಕ್ಕೆ ಅಂಟಿಕೊಂಡದ್ದು. ಸಾವಿರಾರು ಕಂಬಗಳು ತಾವಾಗಿಯೇ ನಿಂತಿದ್ದ ದ್ವೀಪದಲ್ಲಿ ಅವರು ತಂದ ಕಂಬವೊಂದನ್ನು ನೆಟ್ಟರು; ದ್ವೀಪದ ಕಂಬಗಳ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಅವರ ಕಂಬ ಇಂದು ಅಲ್ಲಿಲ್ಲ.

ಮೊದಲ ಕಂಬವನ್ನು ನೆಟ್ಟ ಮೊಜಾಂಬಿಕ್ ತೀರದ ಎದುರಿಗೇ ಮಡಗಾಸ್ಕರ್ ಇದೆ. ಕೊನೆಯ ಕಂಬವನ್ನು ನೆಟ್ಟದ್ದು ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದ ಕಲ್ಲಿನ ಮೇಲೆ. ಭೂಖಂಡಗಳು ದೂರ ಸರಿದು ತೆರೆದ ಕಡಲನ್ನು ದಾಟಲು ಆ ಹಡಗುಗಳಿಗೆ ಮೂರು ವಾರಗಳ ಮೇಲೆ ಹಿಡಿಯಿತು. ನಾವಿಕರಿಗೆ ಇದು ತಿಳಿಯುವ ಸಂಗತಿಯಲ್ಲ. ಭೂವಿಜ್ಞಾನವೂ ದಿನಚರಿಯೂ ಒಟ್ಟಿಗೆ ಕೈಯಲ್ಲಿರುವ ನಮಗೆ ಮಾತ್ರ ಕಾಣುವಂಥದು.

ದಿನಚರಿಯಲ್ಲಿ ಬೆಸ್ತರ ಮಾತು

ದಿನಚರಿಯ ಇದೇ ಭಾಗದಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ನಿಂತು ಓದಬೇಕಾದ ಒಂದು ಪ್ರಸಂಗವಿದೆ. ಹಡಗುಗಳನ್ನು ಕಂಡು ತೀರದ ದೋಣಿಗಳು ಮೀನು ಹೊತ್ತು ಬಂದವು. ಕಪ್ತಾನ ಆ ಜನರಿಗೆ ಅಂಗಿಗಳನ್ನು ಉಡುಗೊರೆ ಕೊಟ್ಟನು. ದ್ವೀಪದ ಮೇಲೆ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದನು. ಬಹಳ ಸಂತೋಷ, ಅದರಿಂದ ನೀವೂ ನಮ್ಮಂತೆ ಕ್ರೈಸ್ತರೆಂಬುದು ಖಚಿತವಾಗುತ್ತದೆ ಎಂಬರ್ಥದ ಉತ್ತರವನ್ನು ಅವರು ಕೊಟ್ಟರಂತೆ. ಹಾಗೆ ಸ್ನೇಹದಿಂದಲೇ ಕಂಬದ ಸ್ಥಾಪನೆಯಾಯಿತೆಂದು ದಿನಚರಿ ಹೇಳುತ್ತದೆ.

ಮಲ್ಪೆಯ ಬೆಸ್ತರು ಹೀಗೆ ನುಡಿದಿರುವುದು ಸಾಧ್ಯವೇ? ಪೋರ್ಚುಗೀಸರು ಆ ಯಾನದ ಉದ್ದಕ್ಕೂ ಇಲ್ಲಿಯ ಹಿಂದೂಗಳನ್ನು ಕ್ರೈಸ್ತರೆಂದೇ ತಿಳಿದಿದ್ದರು. ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನು ಇಗರ್ಜಿಯೆಂದು ಭಾವಿಸಿ ಒಳಹೊಕ್ಕು ನಮಸ್ಕರಿಸಿದುದನ್ನು ಇದೇ ದಿನಚರಿ ವಿವರವಾಗಿ ಬರೆದಿದೆ. ಆ ಭಾವನೆಯಿಂದ ಕೇಳುವವನಿಗೆ ಬೆಸ್ತರು ಏನೇ ಹೇಳಿದ್ದರೂ ಹಾಗೆಯೇ ಕೇಳಿಸುತ್ತಿತ್ತು. ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ಆಡಿದ ಮಾತು, ಇದ್ದರೆ ಒಬ್ಬ ದುಭಾಷಿಯ ಬಾಯಿಂದ ಅರೆಬಿಯಾಗಿ, ಅಲ್ಲಿಂದ ಪೋರ್ಚುಗೀಸ್ ಆಗಿ, ಕೊನೆಗೆ ಬರೆಯುವವನ ನಂಬಿಕೆಯ ಅಚ್ಚಿನಲ್ಲಿ ಎರಕಗೊಂಡಿದೆ. ಅಂಗಿ ಕೊಟ್ಟವರು ಕಂಬ ನೆಡುತ್ತೇವೆಂದಾಗ ‘ಆಗಲಿ’ ಎಂದಿರಬಹುದು. ಕಂಬವೆಂದರೆ ದೈವದ ಗುರುತೆಂದು ತಿಳಿದು ಕೈಮುಗಿದಿರಬಹುದು. ಇದು ಊಹೆ. ಆಕರದ ಮಾತನ್ನು ಹಾಗೆಯೇ ಎತ್ತಿ ಬರೆದು ಬೆಸ್ತರು ಒಪ್ಪಿಗೆ ಕೊಟ್ಟರೆನ್ನುವುದು ಮಾತ್ರ ಊಹೆಗಿಂತಲೂ ದುರ್ಬಲ. ಬರೆದವನ ಕೈಯಲ್ಲಿ ಲೇಖನಿ ಇತ್ತು. ಮೀನು ತಂದವರ ಕಡೆಯ ದಿನಚರಿ ನಮಗೆ ದೊರೆತಿಲ್ಲ.

ಈ ತೀರದ ಮಾತನ್ನು ಪರಕೀಯರು ಕೇಳಿ ಬರೆದ ಇನ್ನೂ ಹಳೆಯ ಪ್ರಸಂಗವೊಂದಿದೆಯೆಂದು ವಾದಿಸಿದವರಿದ್ದಾರೆ. ಈಜಿಪ್ತಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಪಪೈರಸ್ ಸುರುಳಿಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಪ್ರಕಟಿಸಿದರು. 1903ರಲ್ಲಿ ಬೆಳಕಿಗೆ ಬಂದ 413ನೆಯ ಸಂಖ್ಯೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖರಿಷನ್ ಎಂಬ ಗ್ರೀಕ್ ಯುವತಿ ಭಾರತದ ಕಡಲತೀರದ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅಣ್ಣನೂ ಸಂಗಡಿಗರೂ ಹಡಗಿನಲ್ಲಿ ಬಂದು, ಅಲ್ಲಿಯ ಅರಸನಿಗೆ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನೂ ಅವನ ಜನರೂ ಆಡುವ ಮಾತು ಗ್ರೀಕ್ ಅಲ್ಲ. ಆ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಇ. ಹುಲ್ಟ್ಜ್ ಸೂಚಿಸಿದರು. ಆರ್. ಶಾಮಾಶಾಸ್ತ್ರಿ, ಎಂ. ಗೋವಿಂದ ಪೈ, ಬಿ. ಎ. ಸಾಲೆತೊರೆ ಮೊದಲಾದವರು ಚರ್ಚೆಯನ್ನು ಮುಂದುವರಿಸಿದರು. ಪಠ್ಯದಲ್ಲಿ ಬರುವ ಒಂದು ಪದವನ್ನು ಮಲ್ಪೆಯ ನಾಯಕನೆಂದು ಓದಿ, ಘಟನೆ ನಡೆಯುವುದು ಮಲ್ಪೆಯ ಆಸುಪಾಸಿನಲ್ಲಿ ಎಂಬ ವಾದವೂ ಹುಟ್ಟಿತು. ಎಲ್. ಡಿ. ಬಾರ್ನೆಟ್ 1926ರಲ್ಲಿ ಇದನ್ನು ಒಪ್ಪದೆ ವಿವರವಾಗಿ ಖಂಡಿಸಿದರು. ಇನ್ನು ಕೆಲವರು ಆ ಮಾತು ತುಳುವೆಂದರು.

ಪ್ರಹಸನದ ಭಾಷಾವಿವಾದವನ್ನು ತೀರ್ಮಾನಿಸುವುದು ಇಲ್ಲಿಯ ಉದ್ದೇಶವಲ್ಲ. ದಿನಚರಿಯ ಪಕ್ಕದಲ್ಲಿಟ್ಟು ಓದಿದಾಗ ಅದರ ಒಂದು ಲಕ್ಷಣ ಎದ್ದು ಕಾಣುತ್ತದೆ. ಪ್ರಹಸನದಲ್ಲಿ ತೀರದವರ ಮಾತು ನಗೆ ಹುಟ್ಟಿಸುವ ಅರ್ಥಹೀನ ಸದ್ದು. ದಿನಚರಿಯಲ್ಲಿ ಅದು ಬರೆಯುವವನು ಕೇಳಬಯಸಿದ ಒಪ್ಪಿಗೆ. ಒಬ್ಬನು ಅರ್ಥವನ್ನು ಪೂರ್ತಿ ತೆಗೆದುಬಿಟ್ಟನು, ಇನ್ನೊಬ್ಬನು ತನ್ನ ಅರ್ಥವನ್ನು ತುಂಬಿದನು. ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದ ಈ ಎರಡು ಬರಹಗಳಲ್ಲಿಯೂ ತೀರದವನು ಮಾತನಾಡುತ್ತಾನೆ. ಅವನು ಆಡಿದ್ದು ಏನೆಂಬುದು ಮಾತ್ರ ನಮಗೆ ತಲುಪುವುದಿಲ್ಲ. ವಿದೇಶೀ ಆಕರಗಳಿಂದ ನಾಡಿನ ಚರಿತ್ರೆಯನ್ನು ಕಟ್ಟುವವರು ಪ್ರತಿ ಪುಟದಲ್ಲಿಯೂ ನೆನಪಿಡಬೇಕಾದ ಎಚ್ಚರವಿದು.

ನಮ್ಮವರ ಮೌನ

ಹಾಗಾದರೆ ನಮ್ಮವರು ಏನು ಬರೆದರು? ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ಕಾವ್ಯಲಕ್ಷಣಕಾರರು ವಿಧಿಸಿದ್ದರಿಂದ ಕನ್ನಡದ ಮಹಾಕಾವ್ಯಗಳಲ್ಲಿ ಕಡಲಿಗೆ ಕೊರತೆಯಿಲ್ಲ. ಆದರೆ ಆ ಕಡಲು ಬಹುಮಟ್ಟಿಗೆ ರತ್ನಾಕರ, ಮಕರಾಲಯ. ನಿರ್ದಿಷ್ಟ ತೀರದ, ನಿರ್ದಿಷ್ಟ ಬಂಡೆಯ ಕಡಲಲ್ಲ. ಮಲ್ಪೆಗೆ ಅನತಿ ದೂರದ ಉದ್ಯಾವರದಲ್ಲಿ ದೊರೆತ ಎಂಟನೆಯ ಶತಮಾನದ ಕನ್ನಡ ಶಾಸನಗಳು ಆಳುಪರ ಅಂತಃಕಲಹವನ್ನೂ ಅದರಲ್ಲಿ ಮಡಿದ ವೀರರನ್ನೂ ಹೇಳುತ್ತವೆ. ರಣಸಾಗರ, ಪೃಥ್ವೀಸಾಗರ ಎಂದು ಆ ಅರಸರು ಕಡಲನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿದ್ದರು. ಬಾರಕೂರಿನ ವಿಜಯನಗರಕಾಲದ ಶಾಸನಗಳು ದಾನ, ತೆರಿಗೆ, ಕೇರಿ, ಹಲರು ಇವುಗಳ ಬಗ್ಗೆ ಧಾರಾಳವಾಗಿ ಮಾತನಾಡುತ್ತವೆ. ಕಣ್ಣೆದುರಿನ ದ್ವೀಪಗಳು ಇವರ ವಿಷಯವಾಗಲಿಲ್ಲ. ಭೂಮಿ ಕೊಟ್ಟವನ ಮತ್ತು ಪಡೆದವನ ನಡುವಿನ ಪತ್ರ ಶಾಸನ. ಬೆಳೆ ಬೆಳೆಯದ, ತೆರಿಗೆ ಬಾರದ ಬಂಡೆಗೆ ಅದರಲ್ಲಿ ಜಾಗವಿಲ್ಲದ್ದು ಆಶ್ಚರ್ಯವಲ್ಲ.

ದ್ವೀಪದ ಅಗತ್ಯವಿದ್ದದ್ದು ಕಡಲಿಗಿಳಿಯುವವರಿಗೆ. ದಡ ಎಷ್ಟು ದೂರ, ಬಂದರು ಯಾವ ಕಡೆ, ಬಲೆ ಎಲ್ಲಿ ಬೀಸಬೇಕು, ದೋಣಿ ಎಲ್ಲಿ ತಾಗಿ ಒಡೆಯುತ್ತದೆ ಎಂಬುದನ್ನು ಬಂಡೆಯ ಗುರುತಿನಿಂದ ಅರಿಯಬೇಕಾದವರು ಅವರು. ತೋನ್ಸೆಪಾರ್ ಎಂಬ ಹೆಸರಿನಲ್ಲಿ ಆ ಅರಿವು ಉಳಿದಿದೆ. ತೋನ್ಸೆ ಎಂಬುದು ಮಲ್ಪೆಯ ಉತ್ತರಕ್ಕೆ, ಸ್ವರ್ಣಾ ನದಿಯ ಬಳಿಯ ಊರು. ಪಡುತೋನ್ಸೆ, ಮೂಡುತೋನ್ಸೆ ಎಂಬ ಗ್ರಾಮಗಳು ಇಂದಿಗೂ ಇವೆ. ‘ಪಾರ್’ ಎಂಬುದನ್ನು ತುಳುವಿನ ಪಾದೆ, ತಮಿಳಿನ ಪಾಱೈ, ಮಲಯಾಳದ ಪಾಱ ಎಂಬ ಪದಗಳ ಜೊತೆಗಿಟ್ಟು ನೋಡಿದರೆ ಬಂಡೆ ಎಂಬ ಅರ್ಥ ಸಹಜವಾಗಿ ಒದಗುತ್ತದೆ. ತೋನ್ಸೆಯ ಬಂಡೆ. ದಡದ ಊರನ್ನೂ ಕಡಲ ನಡುವಿನ ಕಲ್ಲನ್ನೂ ಒಂದು ಗೆರೆಯಲ್ಲಿ ಜೋಡಿಸುವ ಈ ಹೆಸರು ದೋಣಿಯಿಂದ ನೋಡಿದವರದು. ಸಾಂತಾ ಮರಿಯ ಎಂಬ ಹೆಸರು ದ್ವೀಪದ ಬಗ್ಗೆ ಏನನ್ನೂ ಹೇಳುವುದಿಲ್ಲ. ತೋನ್ಸೆಪಾರ್ ಅದು ಎಲ್ಲಿದೆ, ಏನಾಗಿದೆ ಎಂಬ ಎರಡನ್ನೂ ಹೇಳುತ್ತದೆ. ಆದರೂ ಬರಹದ ಬೆಂಬಲವಿದ್ದ ಹೆಸರು ನಕ್ಷೆಗೆ ಏರಿತು. ಬಾಯಿಮಾತಿನ ಹೆಸರು ಊರಿನಲ್ಲೇ ಉಳಿಯಿತು.

ಉಳಿಸುವ ಮಾತು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 2025ರ ಸೆಪ್ಟೆಂಬರಿನಲ್ಲಿ ಈ ದ್ವೀಪಸಮೂಹ ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಗೌರವಗಳಿಗೆ ಕೊರತೆಯಿಲ್ಲ. ರಕ್ಷಣೆಯ ಮಾತು ಬೇರೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷ ದಾಟಿದ ಗುಡಿ, ಕೋಟೆ, ಶಾಸನಗಳನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡದ್ದು. ಒಂಬತ್ತು ಕೋಟಿ ವರ್ಷದ ಕಲ್ಲಿಗೆ ಅಂಥದೇ ಪ್ರತ್ಯೇಕ ಕಾಯಿದೆ ಬೇಕೆಂದು ಭೂವಿಜ್ಞಾನಿಗಳು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗಾಗಿ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು.

ಶಾಸನದ ಮೇಲೆ ಸುಣ್ಣ ಬಳಿದರೆ ನಾವು ದುಃಖಿಸುತ್ತೇವೆ, ಪತ್ರ ಬರೆಯುತ್ತೇವೆ, ಪತ್ರಿಕೆಗೆ ಹೇಳುತ್ತೇವೆ. ಕಂಬದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರೆ ಅಥವಾ ಅದರ ಮೇಲೆ ಹೆಸರು ಗೀಚಿದರೆ ಅದು ದಾಖಲೆಯ ನಾಶವೆಂದು ನಮಗೆ ಅನ್ನಿಸುವುದಿಲ್ಲ. ಅದನ್ನು ದಾಖಲೆಯೆಂದು ಓದಲು ನಾವು ಕಲಿತಿಲ್ಲವೆಂಬುದೇ ಇದಕ್ಕೆ ಕಾರಣ. ತಣಿದ ದಿಕ್ಕು, ಅಂದಿನ ಅಕ್ಷಾಂಶ, ಕಡಲು ತೆರೆದ ಕಾಲ ಎಲ್ಲವೂ ಆ ಕಲ್ಲಿನ ಇದ್ದ ಜಾಗಕ್ಕೆ, ಇದ್ದ ಭಂಗಿಗೆ ಕಟ್ಟುಬಿದ್ದಿವೆ. ಕಿತ್ತು ತಂದ ತುಂಡು ಮನೆಯ ಕಪಾಟಿನಲ್ಲಿ ಬರೀ ಕಲ್ಲು.

ಕನ್ನಡದಲ್ಲಿ ಈ ಓದನ್ನು ಬೆಳೆಸುವುದು ಅಸಾಧ್ಯವೇನಲ್ಲ. ಇದೇ ಕರಾವಳಿಯ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ಒಬ್ಬರೇ ಬರೆದು, ಭೂಮಿಯ ಕಥೆಯನ್ನು ಕನ್ನಡದಲ್ಲಿ ಹೇಳಬಹುದೆಂದು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಸ್ಥಳನಾಮಗಳ ಮೇಲೆ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸ ಕಾದಿದೆ. ಮಲ್ಪೆಯಿಂದ ಗಂಗೊಳ್ಳಿಯವರೆಗಿನ ಮೀನುಗಾರರು ಕಡಲ ಬಂಡೆಗಳಿಗೆ, ಮುಳುಗುಗಲ್ಲುಗಳಿಗೆ, ಕಿರುದ್ವೀಪಗಳಿಗೆ ಬಳಸುವ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ, ನೆಲೆಯನ್ನು ಗುರುತಿಸಿ, ಪಟ್ಟಿ ಮಾಡಬೇಕು. ದಿಕ್ಕು ತೋರುವ ಯಂತ್ರಗಳು ದೋಣಿದೋಣಿಗೂ ಬಂದಿರುವ ಈ ಕಾಲದಲ್ಲಿ ಬಂಡೆಯ ಹೆಸರನ್ನು ನೆನಪಿಡಬೇಕಾದ ಅಗತ್ಯ ಕಿರಿಯರಿಗೆ ಇಲ್ಲ. 1498ರ ಬೆಸ್ತರ ಮಾತು ನಮಗೆ ದಕ್ಕಲಿಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇನ್ನೂ ಆ ಕಡಲಿಗೇ ಹೋಗುತ್ತಿದ್ದಾರೆ, ಅವರನ್ನು ಅವರದೇ ನುಡಿಯಲ್ಲಿ ಕೇಳಲು ನಮಗೆ ದುಭಾಷಿ ಬೇಕಾಗಿಲ್ಲ.